ಗಾಳಿ ನನ್ನದು, ಹೊಗೆ ಮಾಬುವಿನದು

ಮಾಬು ತೀರಿಕೊಂಡ ದಿನ ವಿನೋಬನಗರದ ಅವನ ಓಣಿಗೆ ಬಂದ ಬೈಕಿನವರೆಲ್ಲ ತಿರುವಿನಲ್ಲೇ ಇಂಜಿನ್ ಆರಿಸಿ, ಗಾಡಿ ತಳ್ಳಿಕೊಂಡು ಒಳಗೆ ಬಂದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಕೆಲವರ ಗಾಡಿಗೆ ಅವನೇ ಬೆಸುಗೆ ಹಾಕಿದ ಸೈಲೆನ್ಸರ್ ಇನ್ನೂ ಇತ್ತು. ಆ ಸದ್ದನ್ನು ಇವತ್ತು ಅವನ ಬಾಗಿಲಿಗೆ ತರಬಾರದು ಅನ್ನಿಸಿತ್ತೇನೋ. ನಾನು ಎದುರು ಮನೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅಳು ಬಂದಿತ್ತು. ಅಳುವಿನ ಜೊತೆಗೇ, ಆ ಹೊತ್ತಿನಲ್ಲೂ, ಹಳೆಯ ಹೊಟ್ಟೆಕಿಚ್ಚು ಒಂದು ಸಲ ಎದ್ದು ಕೂತಿತು. ನಾನು ಹೋದ ದಿನ ಯಾರು ಏನನ್ನು ಆರಿಸುತ್ತಾರೆ?

ನನ್ನ ಹೆಸರು ಚನ್ನಬಸಪ್ಪ. ಎಸ್ಸೆಸ್ಸೆಲ್ಸಿ ತನಕ ಓದಿದವನು. ಎಪ್ಪತ್ತರ ದಶಕದ ಆರಂಭದಿಂದ ಗಿರಾಕಿಗಳು ನಿಂತುಹೋಗುವ ತನಕ ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಕೆಲಸ ಮಾಡಿದೆ. ಅದೇ ಶೆಡ್ಡಿನ ಇನ್ನೊಂದು ಮಗ್ಗುಲಲ್ಲಿ ಮೆಹಬೂಬ್, ಊರಿನವರ ಬಾಯಲ್ಲಿ ಮಾಬು ಸಾಬ್ರು, ಸೈಲೆನ್ಸರ್ ಮಾಡುತ್ತಿದ್ದ. ಇಂಜಿನ್ನಿನ ಒಳಗೆ ಹೋಗುವ ಗಾಳಿ ನನ್ನದು, ಹೊರಗೆ ಬರುವ ಹೊಗೆ ಅವನದು. ನಡುವಿನ ಇಂಜಿನ್ನನ್ನು ಇಬ್ಬರೂ ನಮ್ಮದು ಎನ್ನುತ್ತಿದ್ದೆವು.

ಮಣ್ಣು ಮಾಡಿ ಬಂದ ಮೇಲೆ ಒಬ್ಬ ತರುಣ ನನ್ನ ಪಕ್ಕ ಕೂತ. ಗ್ಯಾರೇಜ್ ಕೆಲಸ ಕಲಿಯುತ್ತಿದ್ದಾನಂತೆ. ಟರ್ಬೊ ಇರುವ ಸಣ್ಣ ಕಾರೊಂದು, ಹಿಂದಿನ ಬಾಗಿಲು ಮೇಲಕ್ಕೆ ಏಳುವಂಥದ್ದು, ಅವನ ಕೈಗೆ ಬಂದಿದೆಯಂತೆ. ಅದಕ್ಕೆ ಕಂಪನಿಯದು ತೆಗೆದು ಅಂಗಡಿಯ ಫಿಲ್ಟರ್ ಮೊದಲು ಹಾಕಬೇಕೋ ಸೈಲೆನ್ಸರ್ ಮೊದಲು ಹಾಕಬೇಕೋ, ಯಾವ ತರಹದ್ದನ್ನು ಆರಿಸಬೇಕು ಎಂದು ಕೇಳಿದ. ಅಂಥ ದಿನ ಕೇಳುವ ಮಾತಲ್ಲ. ಆದರೆ ಮಾಬು ಇದ್ದಿದ್ದರೆ ಯಾರ ಮನೆಯ ಸಾವಿನಲ್ಲಾದರೂ ಆ ಕಾರಿನ ಕೆಳಗೆ ನುಸುಳಿ ನೋಡುತ್ತಿದ್ದ. ನಾನು ಎರಡು ಮಾತಿನಲ್ಲಿ ಉತ್ತರ ಕೊಟ್ಟು ಕಳಿಸಿದೆ. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಯಾರಾದರೂ ಓದಿಕೊಳ್ಳಲಿ.

ಶೆಡ್ಡಿನ ಯಜಮಾನ ರುದ್ರಪ್ಪ ಮೇಸ್ತ್ರಿ. ಹತ್ತಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು, ಆಮೇಲೆ ಲಾರಿ ಇಂಜಿನ್ನಿಗೆ ಬಂದರು. ಮಾಬುವಿನ ಮನೆಯವರು ತಗಡಿನ ಟ್ರಂಕು ಮಾಡುತ್ತಿದ್ದರು. ಅವನು ತಗಡು ಮಡಿಸುವುದನ್ನು ಬಜಾರಿನಲ್ಲಿ ನೋಡಿ ಮೇಸ್ತ್ರಿಯೇ ಕರೆದುಕೊಂಡು ಬಂದರು. ನಾನು ಕೆಲಸ ಕೇಳಿಕೊಂಡು ಹೋದವನು. ಅವನನ್ನು ಕರೆದರು, ನಾನು ಹೋದೆ. ಮೊದಲ ದಿನದಿಂದಲೇ ಈ ವ್ಯತ್ಯಾಸ ನನ್ನ ಮನಸ್ಸಿನಲ್ಲಿತ್ತು.

ಮೇಸ್ತ್ರಿಯದು ಒಂದು ಪದ್ಧತಿ. ಶೆಡ್ಡಿನಲ್ಲಿ ನಿಲ್ಲಿಸಿ ಎಕ್ಸಲೇಟರ್ ತಿರುವಿ ಸರಿಯಾಯಿತು ಎಂದು ಹೇಳುವಂತಿರಲಿಲ್ಲ. ಯಾವ ಗಾಡಿಯಾದರೂ ಹರಿಹರದ ತುಂಗಭದ್ರಾ ಸೇತುವೆಗೆ ಹೋಗಿ ಬರಬೇಕು. ನಾನು ಗಾಡಿ ಓಡಿಸಬೇಕು. ಮಾಬು ಮೊದಲೇ ಬಸ್ಸಿಗೆ ಹೋಗಿ, ಸೇತುವೆಯಿಂದ ರಸ್ತೆ ಏರಿ ಬರುವಲ್ಲಿ ಇದ್ದ ಚಹಾದ ಹೋಟೆಲಿನ ಮುಂದೆ ನಿಂತಿರಬೇಕು. ನಾನು ಅವನನ್ನು ದಾಟಿ, ಸೇತುವೆಯ ಆಚೆ ತಿರುಗಿಸಿಕೊಂಡು, ಏರನ್ನು ಪೂರ್ತಿ ಎಳೆದು ಬರಬೇಕು. ಏರು ಮುಗಿದ ತಕ್ಷಣ ಇಂಜಿನ್ ಆರಿಸಿ, ಹಾಗೇ ಉರುಳಿ ಬಂದು ಹೋಟೆಲಿನ ಮುಂದೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಪ್ಪಗಿದ್ದರೆ ಹೆಚ್ಚಾಗಿದೆ, ಬಿಸ್ಕತ್ತಿನ ಬಣ್ಣಕ್ಕಿದ್ದರೆ ಸರಿಯಿದೆ.

"ಕೂತವನಿಗೆ ಸದ್ದು ಕೇಳಂಗಿಲ್ಲ, ನಿಂತವನಿಗೆ ಎಳೆತ ತಿಳಿಯಂಗಿಲ್ಲ. ಇಬ್ರೂ ಕೂಡಿ ನಂಗೆ ಹೇಳ್ರಿ" ಎನ್ನುತ್ತಿದ್ದರು ಮೇಸ್ತ್ರಿ.

ನನಗೆ ಇದರಲ್ಲಿ ಒಂದು ಸಮಾಧಾನವಿತ್ತು. ಓಡಿಸುವವನು ನಾನು. ಮಾಬು ಎಂದೂ ಓಡಿಸಲಿಲ್ಲ, ನನ್ನ ಹಿಂದೆ ಕೂರಲೂ ಇಲ್ಲ. ಮರಳಿ ಬರುವಾಗ ಹತ್ತು ಎಂದರೆ, ಕಿವಿಯೊಳಗೆ ಗಾಳಿ ಹೊಕ್ಕರೆ ಕೇಳಿದ್ದು ಮರೆತುಹೋಗುತ್ತದೆ ಎಂದು ಹೇಳಿ ಬಸ್ಸಿನ ಕಡೆ ನಡೆಯುತ್ತಿದ್ದ. ಸೈಲೆನ್ಸರ್‌ನವನ ಗತ್ತು ಎಂದುಕೊಂಡಿದ್ದೆ.

ಆದರೆ ಅವನು ಆ ಸಮಾಧಾನವನ್ನೂ ಉಳಿಸಲಿಲ್ಲ. ನಾನಿನ್ನೂ ಪ್ಲಗ್ಗಿಗೆ ಪಾನಾ ಹಾಕುತ್ತಿರುವಾಗಲೇ ಚಹಾ ಹೀರುತ್ತ, "ಕಪ್ಪು ಬಿದ್ದೈತೆ ನೋಡು" ಎನ್ನುತ್ತಿದ್ದ. ಬಿಚ್ಚಿದರೆ ಕಪ್ಪಗೇ ಇರುತ್ತಿತ್ತು. ಹೇಗೆ ತಿಳಿಯಿತು ಎಂದರೆ ಹೊಗೆಗೆ ಗಂಟಲು ಕಟ್ಟಿತ್ತು ಎನ್ನುತ್ತಿದ್ದ. ಪೆಟ್ರೋಲ್ ನನ್ನ ಕಡೆಯ ಕೆಲಸ. ನನ್ನ ತಪ್ಪನ್ನು ನನಗಿಂತ ಮೊದಲು ಅವನು ಕೇಳಿಸಿಕೊಳ್ಳುತ್ತಿದ್ದ.

ಅವನ ಕೆಲಸ ನೋಡುವಂತಿತ್ತು ಎಂಬುದನ್ನು ಹೇಳಲೇಬೇಕು. ಪೈಪು ಬಗ್ಗಿಸುವ ಮೊದಲು ಹೊಳೆಯ ಮರಳನ್ನು ಬಿಸಿಲಿಗೆ ಒಣಗಿಸಿ ಜರಡಿ ಹಿಡಿಯುತ್ತಿದ್ದ. ಅದನ್ನು ಪೈಪಿನೊಳಗೆ ಕುಟ್ಟಿ ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬಿರಡೆ ಜಡಿದು, ಕೆಂಪಗೆ ಕಾಯಿಸಿ ಮೆಲ್ಲಗೆ ಬಗ್ಗಿಸುತ್ತಿದ್ದ. ಮರಳು ತುಂಬಿದ್ದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುವುದಿಲ್ಲ. ಬೆಸುಗೆಗೆ ಮೊದಮೊದಲು ಕಾರ್ಬೈಡ್ ಗಡಿಗೆಯ ಗ್ಯಾಸು, ಇಡೀ ಶೆಡ್ಡು ನಾರುತ್ತಿತ್ತು. ಆಮೇಲೆ ಸಿಲಿಂಡರ್ ಬಂತು. ಹುಬ್ಬಳ್ಳಿಯಲ್ಲಿ ಪೈಪು ಬಗ್ಗಿಸುವ ಯಂತ್ರ ಬಂದಾಗ ಹೋಗಿ ನೋಡಿ ಬಂದು, ಆ ತಿರುವಿಗೆ ಮುದುಕಿಯ ಮೊಣಕೈಯ ಹಾಗೆ ಸುಕ್ಕು ಬೀಳುತ್ತದೆ ಎಂದು ಮತ್ತೆ ಮರಳಿಗೇ ಕೂತ. ಸೈಲೆನ್ಸರಿನ ಹೊಟ್ಟೆಯೊಳಗೆ ತೂತು ಹೊಡೆದ ತಗಡಿನ ಶಂಕುವೊಂದನ್ನು ಇಡುತ್ತಿದ್ದ. ಆ ಶಂಕುವಿನಿಂದ ಸದ್ದಿಗೆ ಒಂದು ಗಡಸು, ಒಂದು ನಿಧಾನ ಬರುತ್ತಿತ್ತು. ಗಾಡಿ ಕಾಣುವ ಮೊದಲೇ ಸದ್ದು ಬರುತ್ತಿತ್ತು. ಮಂಡಿಪೇಟೆಯಲ್ಲಿ ಮೂಟೆ ಹೊರುವವರು ಕೂಡ ತಲೆ ತಿರುಗಿಸಿ, "ಮಾಬುಂದು" ಎನ್ನುತ್ತಿದ್ದರು.

ನನ್ನ ಕೆಲಸವೆಂದರೆ ಚಳಿಗಾಲದ ಬೆಳಿಗ್ಗೆ ಒಂದೇ ಒದೆತಕ್ಕೆ ಚಾಲೂ ಆಗುವ ಗಾಡಿ. ಚಾಲೂ ಆದ ಗಾಡಿಯನ್ನು ಯಾರು ನಿಂತು ನೋಡುತ್ತಾರೆ? ಗಿರಾಕಿಗಳು ಬಂದು, ಗಾಡಿ ಹಗುರಾಗಿ ಎಳೆಯುತ್ತಿದೆ ಎಂದು ಮಾಬುವಿಗೆ ಕೈ ಮುಗಿಯುತ್ತಿದ್ದರು. ಅವನು ನಗುತ್ತ ನನ್ನ ಕಡೆ ಬೆರಳು ತೋರಿಸುತ್ತಿದ್ದ. ಅವರು ನನ್ನ ಕಡೆ ಒಂದು ಸಲ ತಲೆ ಆಡಿಸಿ ಮತ್ತೆ ಅವನ ಜೊತೆಗೇ ಮಾತು ಮುಂದುವರಿಸುತ್ತಿದ್ದರು. ಅವನು ತೋರಿಸದೆ ಇದ್ದಿದ್ದರೇ ಚೆನ್ನಾಗಿತ್ತು.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ನಾನು ಮಾಡಿದ ಕೆಲಸಕ್ಕೂ ಒಬ್ಬ ಮನುಷ್ಯ ರಸ್ತೆಯಲ್ಲಿ ನಿಂತು ಒಮ್ಮೆ ತಲೆ ತಿರುಗಿಸಬೇಕು. ಇದನ್ನು ಹೆಂಡತಿಗೆ ಒಂದು ಸಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. "ಅವರ ಕೆಲಸಕ್ಕೆ ಜನ ತಿರುಗಿ ನೋಡ್ತಾರೆ, ನಿಮ್ಮ ಕೆಲಸಕ್ಕೆ ಜನ ಮುಂದೆ ನೋಡ್ಕಂಡು ಹೋಗ್ತಾರೆ. ಅದಕ್ಯಾಕ ಉರ್ಕಂತೀರಿ" ಎಂದಳು. ಅವಳು ಸಮಾಧಾನಕ್ಕೇ ಹೇಳಿದ್ದು. ನನಗೆ ಇನ್ನಷ್ಟು ಉರಿಯಿತು.

ಗಾಳಿಯ ವಿಷಯದಲ್ಲಿ ನಾನು ಕಲಿತ ದೊಡ್ಡ ಪಾಠ ಒಂದು ಎಡವಟ್ಟಿನಿಂದ ಬಂದದ್ದು. ಮಂಡಕ್ಕಿ ಭಟ್ಟಿಯವರ ವ್ಯಾನೊಂದು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಅದರ ಎಣ್ಣೆ ಬಟ್ಟಲಿನ ಫಿಲ್ಟರ್ ಗಾಳಿಯನ್ನು ತಡೆಯುತ್ತಿದೆ ಎಂದು ತೀರ್ಮಾನಿಸಿ, ಅದನ್ನು ತೆಗೆದು ಸಣ್ಣ ತಂತಿಯ ಬಲೆ ಹಾಕಿದೆ. ವ್ಯಾನು ಹರಿಹರದ ಏರನ್ನು ಕುಣಿಯುತ್ತ ಹತ್ತಿತು. ಮಾಬು ಕೂಡ ಹುಬ್ಬೇರಿಸಿದ. ಮಳೆಗಾಲ ಬರುವಷ್ಟರಲ್ಲಿ ಅದೇ ವ್ಯಾನು ನೀಲಿ ಹೊಗೆ ಬಿಡುತ್ತ ವಾಪಸು ಬಂತು. ಭಟ್ಟಿಯ ಸುತ್ತ ಇಡೀ ದಿನ ಹೊಟ್ಟು ಉರಿಯುತ್ತದೆ, ಆ ಬೂದಿ ಬಲೆಯ ಕಣ್ಣಿನಲ್ಲಿ ಸಲೀಸಾಗಿ ಒಳಗೆ ಹೋಗಿತ್ತು. ಮೇಸ್ತ್ರಿ ಇಂಜಿನ್ ಆಯಿಲನ್ನು ನನ್ನ ಬೆರಳ ಮೇಲೆ ಹಾಕಿ, ಉಜ್ಜು ಎಂದರು. ಉಜ್ಜಿದೆ. ನುಣುಪಾದ ಎಣ್ಣೆಯೊಳಗೆ ಸಣ್ಣ ಹಲ್ಲುಗಳಿದ್ದ ಹಾಗಿತ್ತು.

"ಇಂಜಿನ್‌ಗೆ ಉಪ್ಪುಕಾಗದ ತಿನ್ಸಿಯಲ್ಲಲೇ" ಎಂದರು. ಬೇರೇನೂ ಬೈಯಲಿಲ್ಲ.

ದಾವಣಗೆರೆಯ ಗಾಳಿಯಲ್ಲಿ ಒಂದು ಕಡೆ ಗಿರಣಿಯ ಹತ್ತಿ ಎಳೆ, ಇನ್ನೊಂದು ಕಡೆ ಹೊಟ್ಟಿನ ಬೂದಿ. ಮೊದಲು ನಿಮ್ಮೂರಿನ ಗಾಳಿಯಲ್ಲಿ ಏನಿದೆ ಎಂದು ನೋಡಿ, ಆಮೇಲೆ ಫಿಲ್ಟರ್ ಆರಿಸಿ. ಆ ದಿನ ಮಾಬು ನನ್ನನ್ನು ಛೇಡಿಸಲಿಲ್ಲ. ಚಹಾ ತಂದು ಮುಂದಿಟ್ಟ. ಅವನು ಛೇಡಿಸಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೇಸ್ತ್ರಿ ಶೆಡ್ಡನ್ನು ನಮ್ಮಿಬ್ಬರಿಗೆ ಬಿಟ್ಟುಕೊಟ್ಟು ಮನೆ ಸೇರಿದ್ದರು. ಆಗ ಎಂ.ಸಿ.ಸಿ. ಬಡಾವಣೆಯ ಜವಳಿ ವ್ಯಾಪಾರಿಗಳ ಮನೆಯ ವೀರೇಶ ಎಂಬುವನು ಒಂದು ಕಾರು ತಂದು ನಿಲ್ಲಿಸಿದ. ಮುಂಬಯಿಯಲ್ಲಿ ಕೊಂಡದ್ದು, ಹಡಗಿನಲ್ಲಿ ಬಂದ ಜಪಾನಿನ ಸಣ್ಣ ಕಾರು. ಗಿಡ್ಡ ಬೆನ್ನು, ಮೇಲಕ್ಕೆ ಏಳುವ ಹಿಂದಿನ ಬಾಗಿಲು. ಬಾನೆಟ್ಟಿನ ಕೆಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಎರಕದ ತುಂಡು. ಟರ್ಬೊ ಎಂಬುದನ್ನು ನಾವು ಹೆಸರಿನಲ್ಲಿ ಕೇಳಿದ್ದೆವು, ಕಣ್ಣಿನಲ್ಲಿ ನೋಡಿದ್ದು ಆಗಲೇ.

"ಮಾಬು ಸಾಬ್ರೆ, ಓಡೋದೇನೋ ಓಡ್ತೈತೆ. ಆದ್ರೆ ದನಿನೇ ಇಲ್ರಿ. ಒಂದು ದನಿ ಕೊಡ್ರಿ ಇದಕ್ಕೆ" ಎಂದ ವೀರೇಶ. ನಾನು ಪಕ್ಕದಲ್ಲೇ ನಿಂತಿದ್ದೆ.

ಎರಡೂ ಕಡೆಯ ಪೈಪು ಬಿಚ್ಚಿ ನೋಡಿದೆವು. ಒಳಗೆ ಎರಡು ಪುಟ್ಟ ಫ್ಯಾನು. ಇಂಜಿನ್ನಿನಿಂದ ಬರುವ ಹೊಗೆ ಒಂದನ್ನು ತಿರುಗಿಸುತ್ತದೆ. ಅದು ತಿರುಗಿದರೆ ಇನ್ನೊಂದು ತಿರುಗಿ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಮಾಬು ತನ್ನ ಕಡೆಯ ಫ್ಯಾನನ್ನು ಬೆರಳಿನಿಂದ ತಿರುವಿದ. ನನ್ನ ಕಡೆಯದೂ ತಿರುಗಿತು. ಮತ್ತೆ ತಿರುವಿದ.

"ಲೇ ಚನ್ನಾ, ನಮ್ಮಿಬ್ಬರನ್ನೂ ಒಂದೇ ಅಚ್ಚಿಗೆ ಕಟ್ಟ್ಯಾರಲೇ" ಎಂದ.

ಮಾತು ಸರಿಯಾಗಿಯೇ ಇತ್ತು. ಆದರೆ ಕೆಲಸಕ್ಕೆ ಕೂತಾಗ ಇಬ್ಬರೂ ಅದನ್ನು ಮರೆತೆವು. ಮಾಬು ತನ್ನ ಹೆಸರಾದ ಸೈಲೆನ್ಸರನ್ನೇ, ಶಂಕು ಇಟ್ಟು, ಮಾಡಿ ಹಾಕಿದ. ನನ್ನ ಮುಂದೆ ಎರಡು ದಾರಿ ಇದ್ದವು. ಕಾರಿನ ಜೊತೆಗೆ ಬಂದ ಮುಚ್ಚಿದ ಡಬ್ಬಿಯನ್ನು ದೊಡ್ಡದು ಮಾಡಿ ಮುಂದಿನಿಂದ ತಂಪು ಗಾಳಿ ತರುವುದು ಒಂದು. ಡಬ್ಬಿಯನ್ನೇ ತೆಗೆದು, ಅಣಬೆಯಂತೆ ಬಾಯ್ತೆರೆದ ಫಿಲ್ಟರನ್ನು ಮುಂಬಯಿಯಿಂದ ತರಿಸಿ ಫ್ಯಾನಿನ ಬಾಯಿಗೇ ನೇರವಾಗಿ ಕಟ್ಟುವುದು ಇನ್ನೊಂದು. ಡಬ್ಬಿ ತೆಗೆದು ಇಂಜಿನ್ ತಿರುವಿದಾಗ ಒಂದು ವಿಷಯ ಗಮನಿಸಿದ್ದೆ. ಫ್ಯಾನು ಗಾಳಿ ಎಳೆಯುವಾಗ ಸಿಳ್ಳೆ ಹಾಕುತ್ತಿತ್ತು. ತೆಳ್ಳನೆಯ, ಏರುತ್ತ ಹೋಗುವ ಸಿಳ್ಳೆ. ನಾನು ಅಣಬೆ ಫಿಲ್ಟರನ್ನೇ ಆರಿಸಿದೆ. ವೀರೇಶನಿಗೆ ಬೇರೆ ಕಾರಣ ಹೇಳಿದೆ.

ಕಾರು ಮಂಡಿಪೇಟೆಗೆ ಹೋಯಿತು, ತಲೆಗಳು ತಿರುಗಿದವು. ಹಿಂದಿನ ಪೈಪಿನ ಕಡೆಗಲ್ಲ, ಮುಂದಿನ ಬಾನೆಟ್ಟಿನ ಕಡೆಗೆ! ಟರ್ಬೊದ ಗುಣವೇ ಹಾಗೆ. ಹೊಗೆ ಫ್ಯಾನನ್ನು ತಿರುಗಿಸುವುದರಲ್ಲಿ ತನ್ನ ಸದ್ದನ್ನು ಅರ್ಧ ಕಳೆದುಕೊಳ್ಳುತ್ತದೆ. ಮಾಬುವಿನ ಶಂಕುವಿನಿಂದ ಹೊರಬಂದದ್ದು ನಿದ್ದೆಯಲ್ಲಿ ಎಮ್ಮೆ ಉಸಿರು ಬಿಟ್ಟಂಥ ಒಂದು ಸದ್ದು. ಊರಿಗೆ ಕೇಳಿಸುತ್ತಿದ್ದುದು ನನ್ನ ಸಿಳ್ಳೆ. ಆ ವಾರ ನಾನು ಕೆಲಸವಿಲ್ಲದಿದ್ದರೂ ಮಂಡಿಪೇಟೆಯ ಬಾಯಿಯಲ್ಲಿ ಹೋಗಿ ನಿಂತೆ. ಯಾರೋ ಒಬ್ಬ ಇನ್ನೊಬ್ಬನಿಗೆ, ಅದು ಚನ್ನಬಸಪ್ಪನ ಕೆಲಸ ಎಂದು ಹೇಳುವುದನ್ನು ಕೇಳಿಸಿಕೊಂಡು ಮನೆಗೆ ಬಂದೆ.

"ನಿನ್ನ ಪೀಪಿ ಚೆಂದೈತೆ ಬಿಡು. ನನ್ನ ಸಣ್ಣ ಮಗಳಿಗೂ ಒಂದು ಮಾಡಿಕೊಡು" ಎಂದ ಮಾಬು. ನಗಲಿಲ್ಲ. ಕಾರು ಶೆಡ್ಡಿಗೆ ಬಂದಾಗಲೆಲ್ಲ ಹಿಂದಿನ ಪೈಪಿಗೆ ಅಂಗೈ ಹಿಡಿದು ನೋಡುತ್ತಿದ್ದ, ಎಲ್ಲಿ ಹೋಯಿತು ತನ್ನ ಸದ್ದು ಎಂಬಂತೆ. ಅವನ ಮುಖದ ಮೇಲಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನದೇ ಅಂಗಿಯನ್ನು ಇನ್ನೊಬ್ಬರ ಮೈಮೇಲೆ ಕಂಡ ಹಾಗಾಯಿತು. ಖುಷಿಪಟ್ಟೆ.

ಆದರೆ ಕಾರು ಚೆನ್ನಾಗಿರಲಿಲ್ಲ. ಹರಿಹರದ ಏರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಇಂಜಿನ್ ಒಳಗೆ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಬಡಿಯುತ್ತಿತ್ತು. ನನ್ನ ಬಾಯ್ತೆರೆದ ಫಿಲ್ಟರ್ ಬಾನೆಟ್ಟಿನ ಒಳಗಿನ ಕಾದ ಗಾಳಿಯನ್ನೇ ಕುಡಿಯುತ್ತಿತ್ತು. ಕಾದ ಗಾಳಿ, ಅಂದಿನ ಕಳಪೆ ಪೆಟ್ರೋಲ್, ಅದರ ಮೇಲೆ ಟರ್ಬೊ ಒತ್ತಡ. ಬಡಿಯದೆ ಏನು ಮಾಡೀತು? ಪ್ಲಗ್ ಸುಣ್ಣದಂತೆ ಬೆಳ್ಳಗಿತ್ತು. ಫಿಲ್ಟರಿನ ಮೈಗೆ ಆಗಲೇ ಹತ್ತಿ ಎಳೆಯ ಗಡ್ಡ ಬಂದಿತ್ತು. ಮಾಬುವಿನ ಶಂಕು ಹೊಗೆಯನ್ನು ಹಿಡಿದು ನಿಲ್ಲಿಸುತ್ತಿದ್ದುದರಿಂದ ಫ್ಯಾನು ತಡವಾಗಿ ಏಳುತ್ತಿತ್ತು. ಎಕ್ಸಲೇಟರ್ ಒತ್ತಿ, ಕಾರು ಯೋಚನೆ ಮಾಡಿ ಮುಗಿಸುವ ತನಕ ಕಾಯಬೇಕಿತ್ತು. ವೀರೇಶನಿಗೆ ಇದೊಂದೂ ಗೊತ್ತಿರಲಿಲ್ಲ, ಸಿಳ್ಳೆಯೊಂದೇ ಸಾಕಾಗಿತ್ತು. ನಮ್ಮಿಬ್ಬರಿಗೂ ಗೊತ್ತಿತ್ತು. ಯಾರು ಮೊದಲು ಬಿಚ್ಚಬೇಕು ಎಂಬುದಷ್ಟೇ ಉಳಿದಿತ್ತು. ಮಾತು ಬಿಟ್ಟು ನಾಲ್ಕಾರು ದಿನ ಹಾಗೇ ಕಳೆದೆವು.

ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮಾಬು ಸೈಲೆನ್ಸರಿನ ಹೊಟ್ಟೆ ಸೀಳಿದ್ದ. ಶಂಕು ನೆಲದ ಮೇಲೆ ಬಿದ್ದಿತ್ತು. ಹಿಂದಿಗಿಂತ ದಪ್ಪನೆಯ ಪೈಪಿಗೆ ಮರಳು ತುಂಬುತ್ತ ಕೂತಿದ್ದ.

"ಇದಕ್ಕೆ ದನಿ ಬ್ಯಾಡಲೇ ಚನ್ನಾ. ಹೊರಗೆ ಹೋಗಾಕ ಒಂದು ದಾರಿ ಬೇಕು, ಅಷ್ಟೆ" ಎಂದ, ತಲೆ ಎತ್ತದೆ.

ನನಗೆ ಎಷ್ಟು ಉರಿಯಿತು ಎಂದು ಹೇಳಲಾರೆ. ಇದರಲ್ಲೂ ಅವನೇ ಮೊದಲು. ಊರೆಲ್ಲ ತಲೆ ತಿರುಗಿಸುತ್ತಿದ್ದ ಶಂಕುವನ್ನು ಹಳೆ ಡಬ್ಬಿಯಂತೆ ಎಸೆದು ಕೂತಿದ್ದ. ನಿನ್ನದನ್ನು ಬಿಚ್ಚು ಎಂದಿದ್ದರೆ ಜಗಳ ತೆಗೆಯಬಹುದಿತ್ತು. ಅವನು ಅದನ್ನೂ ಹೇಳಲಿಲ್ಲ. ನಾನು ಪಾನಾ ತೆಗೆದುಕೊಂಡು ನನ್ನ ಅಣಬೆಯನ್ನು ಬಿಚ್ಚಿದೆ.

ಆ ದಿನಗಳಲ್ಲಿ ನಾವು ಮಾಡಿದ್ದೇ ಈಗ ನಿಮಗೆ ನಾನು ಹೇಳಬಹುದಾದದ್ದು. ಟರ್ಬೊ ದಾಟಿದ ಮೇಲೆ ಬರುವ ಪೈಪು ಅಗಲವಿರಲಿ, ತಿರುವು ಕಡಿಮೆಯಿರಲಿ, ಒಳಗೆ ಅಡ್ಡ ಏನೂ ಬೇಡ. ಸದ್ದು ಹೀರಲು ಪೈಪಿನ ಸುತ್ತ ತೂತಿನ ಕೊಳವೆ, ಅದರ ಸುತ್ತ ಗಾಜಿನ ನಾರು ಇದ್ದರೆ ಸಾಕು. ಗಾಳಿಗೆ ಮುಚ್ಚಿದ ಡಬ್ಬಿಯೇ ಇರಲಿ. ಅದರ ಬಾಯಿ ರೇಡಿಯೇಟರಿನ ಪಕ್ಕ, ತಂಪು ಗಾಳಿ ಬರುವಲ್ಲಿ, ಮಳೆ ನೀರು ಸಿಡಿಯದಷ್ಟು ಮೇಲಿರಲಿ. ಕೀಲುಗಳಲ್ಲಿ ಕೂದಲು ನುಸುಳುವಷ್ಟೂ ಸಂದು ಇರಬಾರದು. ಕಾಗದದ ಫಿಲ್ಟರ್ ದೊಡ್ಡದಿರಲಿ, ಅಗ್ಗವಾದದ್ದಿರಲಿ, ಮೇಲಿಂದ ಮೇಲೆ ಬದಲಿಸಲು ಮನಸ್ಸು ಬರುವಂಥದ್ದು. ಮೊದಲು ಹೊಗೆಯ ದಾರಿ ಬಿಡಿಸಿ, ಆಮೇಲೆ ಗಾಳಿಗೆ ಬನ್ನಿ. ಎರಡೂ ಆದ ಮೇಲೆ ಪೆಟ್ರೋಲ್ ಸಾಲುತ್ತಿದೆಯೇ ಎಂದು ನೋಡದೆ ಗಾಡಿ ಕೊಡಬೇಡಿ. ಈಗ ಅದನ್ನು ಕಂಪ್ಯೂಟರಿನಲ್ಲಿ ನೋಡುತ್ತೀರಿ, ನಾನು ಪ್ಲಗ್ಗಿನಲ್ಲಿ ನೋಡುತ್ತಿದ್ದೆ. ಅಂಗಡಿಯವರು ಸದ್ದು ಕೇಳಿಸಿ ಮಾರುತ್ತಾರೆ. ನಿಂತ ಗಾಡಿಯ ಸದ್ದನ್ನು ನಂಬಬೇಡಿ.

ನನ್ನ ಡಬ್ಬಿಯನ್ನು ಮಾಬುವಿನ ಮನೆಯ ಟ್ರಂಕಿನ ತಗಡಿನಿಂದಲೇ ಮಾಡಿದೆವು. ಬೆಸುಗೆ ಅವನದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಜೆಟ್ಟಿನ ತೂತನ್ನು ಕೂದಲಷ್ಟು ದೊಡ್ಡದು ಮಾಡಿದೆ.

ಟ್ರಯಲ್ಲಿನ ದಿನ ಬಂತು. ವೀರೇಶ ಸ್ಟೇರಿಂಗನ್ನು ಯಾರಿಗೂ ಕೊಡುತ್ತಿರಲಿಲ್ಲ, ಪಕ್ಕದ ಸೀಟು ನನ್ನದು. ನಾನು ಬಾಗಿಲು ತೆಗೆದೆ. ಮಾಬು ಬಂದು ಬಾಗಿಲಿನ ಮೇಲೆ ಕೈ ಇಟ್ಟ.

"ಇವತ್ತು ನಾ ಕೂಡ್ತೀನಿ. ನೀ ಬಸ್ಸಿಗೆ ಹೋಗಿ ನಿಂದ್ರು" ಎಂದ.

"ಯಾಕ?"

"ಯಾವಾಗ್ಲೂ ನೀನೇ ಕೂಡ್ಬೇಕೇನು? ನಂಗೂ ಆಸೆ ಇರಂಗಿಲ್ಲೇನು?"

ವೀರೇಶ, "ಕೂಡ್ರಿ ಸಾಬ್ರೆ, ಕೂಡ್ರಿ" ಎಂದು ಅವನ ಕೈ ಹಿಡಿದು ಒಳಗೆ ಎಳೆದುಕೊಂಡ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಹರಿಹರ ಬರುವ ತನಕ ಬಸ್ಸಿನ ಕಂಬಿ ಹಿಡಿದು ನಿಂತು ಕುದಿಯುತ್ತಿದ್ದೆ. ಇಷ್ಟು ವರ್ಷ ಹತ್ತು ಎಂದರೂ ಹತ್ತದವನು, ನನ್ನ ಜೀವಮಾನದ ಕೆಲಸ ಎನ್ನಬಹುದಾದದ್ದು ಸಿದ್ಧವಾದ ದಿನ ನನ್ನ ಸೀ‌ಟನ್ನೇ ಕಿತ್ತುಕೊಂಡಿದ್ದ.

ಹೋಟೆಲಿನ ಮುಂದೆ ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಕಾರು ನನ್ನನ್ನು ದಾಟಿ ಇಳಿದು, ಸೇತುವೆಯ ಆಚೆ ಹೋಗಿ ಮರೆಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಮರಳಿ ಬಂತು. ಏರಿನ ಬುಡದಲ್ಲಿ ವೀರೇಶ ಪೂರ್ತಿ ಒತ್ತಿದ್ದು ತಿಳಿಯಿತು.

ಗುಡುಗು ಇರಲಿಲ್ಲ, ಸಿಳ್ಳೆಯೂ ಇರಲಿಲ್ಲ. ಜವಳಿ ಅಂಗಡಿಯವರು ಗ್ಲಾಸ್ಕೋ ಎಂಬ ತೆಳು ಬಿಳಿ ಬಟ್ಟೆಗೆ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಗೀರು ಹಾಕಿ, ಎರಡೂ ಕೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಹರಿಯುತ್ತಾರಲ್ಲ, ಆ ಸದ್ದು. ಎಲ್ಲೂ ತಡೆಯದೆ, ಎಲ್ಲೂ ಅವಸರವಿಲ್ಲದೆ, ಏರಿನ ಬುಡದಿಂದ ತುದಿಯ ತನಕ ಒಂದೇ ಬಟ್ಟೆ. ಅದರಲ್ಲಿ ನನ್ನ ಕಡೆಯದು ಯಾವುದು, ಅವನ ಕಡೆಯದು ಯಾವುದು ಎಂದು ಹುಡುಕಿದೆ. ಬಿಡಿಸಲು ಬರಲಿಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಕಾರು ಉರುಳಿ ಬಂದು ನಿಂತಿತು. ಬಾನೆಟ್ ಎತ್ತುವ ಮೊದಲೇ ನನ್ನ ಬಾಯಿಂದ, ಬಿಸ್ಕತ್ತು, ಎಂಬ ಮಾತು ಬಂತು. ಬಿಚ್ಚಿದರೆ ಬಿಸ್ಕತ್ತಿನ ಬಣ್ಣವೇ. ಮಾಬು ಇಳಿದವನು ನೀರು ಕೇಳಿ ಕುಡಿದು ಬೆಂಚಿನ ಮೇಲೆ ಕೂತ. ಮುಖ ಬೆವರಿತ್ತು. ಸೆಕೆ ಎಂದುಕೊಂಡೆ.

"ಒಳಗೆ ಹೆಂಗಿತ್ತಲೇ?" ಎಂದು ಕೇಳಿದೆ.

"ಹೊರಗೆ ಹೆಂಗಿತ್ತು? ಅದನ್ನ ಹೇಳು ಮೊದ್ಲು."

ನನ್ನ ಸೀಟು ಕಿತ್ತುಕೊಂಡವನಿಗೆ ಹೇಳಲು ಮನಸ್ಸು ಬರಲಿಲ್ಲ. ಹೇಳಲ್ಲ ಎಂದೆ. ಹಂಗಾದ್ರೆ ನಾನೂ ಹೇಳಲ್ಲ ಎಂದ.

ವೀರೇಶನಿಗೆ ಕಾರು ಹಿಡಿಸಲಿಲ್ಲ. ಓಟ ಭಾರಿ ಐತೆ, ಆದ್ರೆ ಯಾರೂ ತಿರುಗಿ ನೋಡಂಗಿಲ್ಲಲ್ರಿ ಎಂದು ಮುಖ ಸಣ್ಣದು ಮಾಡಿದ. ಕೆಲವೇ ದಿನಗಳಲ್ಲಿ ಬೇರೆ ಊರಿಗೆ ಒಯ್ದು ಬಾಯ್ತೆರೆದ ಫಿಲ್ಟರನ್ನೂ ಗರ್ಜಿಸುವ ಸೈಲೆನ್ಸರನ್ನೂ ಹಾಕಿಸಿಕೊಂಡು ಬಂದ. ಊರು ಮತ್ತೆ ತಲೆ ತಿರುಗಿಸಿತು. ಮುಂದಿನ ಬೇಸಿಗೆಗೆ ಫ್ಯಾನಿನ ಅಚ್ಚು ಸವೆದು ಕಾರು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತು, ಆಮೇಲೆ ಮಾರಾಟವಾಯಿತು. ನಮ್ಮ ಕೆಲಸ ರಸ್ತೆಯ ಮೇಲಿದ್ದದ್ದು ಆ ಕೆಲವೇ ದಿನ. ಆ ದಿನಗಳಲ್ಲಿ ನಾನು ಅದರಲ್ಲಿ ಕೂರಲೇ ಇಲ್ಲ.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಇದು ನಮ್ಮ ನಡುವೆ ಇತ್ತು. ಚಹಾ ಬಂದರೆ, ಹೇಳ್ತೀಯೇನು ಎಂದು ಅವನು. ನೀ ಹೇಳು ಎಂದು ನಾನು. ಅವನ ಮಗಳ ಮದುವೆಯ ದಾವತ್ತಿನಲ್ಲೂ ತಟ್ಟೆ ಕೊಡುತ್ತ ಅದನ್ನೇ ಕೇಳಿದ. ಕಾರ್ಬ್ಯುರೇಟರ್ ಹೋಯಿತು, ನನ್ನ ಕೆಲಸವೂ ಅದರ ಜೊತೆ ಹೋಯಿತು. ಅವನ ಕೈಗೆ ಆಮೇಲೂ ಕೆಲಸ ಇತ್ತು. ಸೈಲೆನ್ಸರ್ ಇಲ್ಲದ ಗಾಡಿ ಅವನು ಕೆಲಸ ಬಿಡುವ ತನಕ ಬರಲೇ ಇಲ್ಲ, ಅದರಲ್ಲೂ ಅವನದೇ ಅದೃಷ್ಟ. ಶೆಡ್ಡು ಮುಚ್ಚಿದ ಮೇಲೆ ನಾನು ದೇವರಾಜ ಅರಸು ಬಡಾವಣೆಗೆ ಬಂದೆ. ಅವನು ವಿನೋಬನಗರ ಬಿಡಲಿಲ್ಲ. ಸಂಜೆ ಒಂದು ಆಟೋ ಹಿಡಿದು ನಾನೇ ಹೋಗುತ್ತಿದ್ದೆ.

ಕಡೆಯ ಕೆಲವು ತಿಂಗಳು ಅವನಿಗೆ ಉಸಿರು ಸಾಲುತ್ತಿರಲಿಲ್ಲ. ದಿಂಬು ಒರಗಿಸಿಕೊಂಡು ಕೂತೇ ಇರುತ್ತಿದ್ದ. ಒಂದು ಮಧ್ಯಾಹ್ನ ನಾನು ಹೋದಾಗ, "ಗಾಳಿ ಸರಿಯಾಗಿ ಬರ್ತಿಲ್ಲಲೇ ಚನ್ನಾ. ನಿನ್ನ ಕಡೆ ಕೆಲಸ ಇದು, ನೋಡು ಒಂದೀಟು" ಎಂದ. ಅವನ ಹೆಂಡತಿ, ನಾನು ಭಾಭಿ ಎಂದು ಕರೆಯುವವರು, ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಅನ್ನಿಸಿತು. ಹೇಳಿದೆ. ಬಟ್ಟೆ ಹರಿದ ಸದ್ದು, ಏರಿನ ಬುಡದಿಂದ ತುದಿಯ ತನಕ ಒಂದೇ ಬಟ್ಟೆ, ನಿನ್ನದು ಯಾವುದು ನನ್ನದು ಯಾವುದು ಬಿಡಿಸಲಾಗಲಿಲ್ಲ ಎಂದೆ. ಅವನು ಕಣ್ಣು ಮುಚ್ಚಿ ಕೇಳಿದ. ಇನ್ನೊಂದು ಸಲ ಹೇಳು ಎಂದ. ಹೇಳಿದೆ.

"ಈಗ ನೀ ಹೇಳು. ಒಳಗೆ ಹೆಂಗಿತ್ತು?"

ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಯಾರಿಗೆ ಗೊತ್ತಲೇ. ನಾ ಕಣ್ಣು ಮುಚ್ಕಂಡಿದ್ದೆ" ಎಂದ.

ನಾನು ನಂಬಲಿಲ್ಲ. ಭಾಭಿಗೆ ಕಣ್ಣೀರಿನ ನಡುವೆ ನಗು ಬಂತು. "ಇವರಿಗೆ ಓಟ ಅಂದ್ರೆ ಜೀವ ಹೋಗ್ತೈತೆ ಅಣ್ಣಾರೆ. ಸಣ್ಣೋರಿದ್ದಾಗ ಲಾರಿ ಮೇಲಿಂದ ಬಿದ್ದಿದ್ರಂತೆ. ಬಸ್ಸಲ್ಲೂ ಮುಂದೆ ಕೂಡಂಗಿಲ್ಲ. ನಿಮಗೆ ಇಷ್ಟು ವರ್ಷ ತಿಳಿದೇ ಇಲ್ಲೇನ್ರಿ?" ಎಂದರು.

"ಮತ್ತೆ ಅವತ್ತು ಯಾಕಲೇ ಕೂತೆ?" ಎಂದೆ.

"ನೀ ಕೇಳ್ಲಿ ಅಂತ" ಎಂದ ಮಾಬು. ಮತ್ತೆ ಉಸಿರು ಎಳೆದುಕೊಂಡ. "ಅಷ್ಟು ವರ್ಷ ಅಲ್ಲಿ ನಿಂತು ನಿನ್ನ ಕೆಲಸ ನಾನೊಬ್ನೇ ಕೇಳಿದ್ದೆ. ನೀ ಒಂದ್ಸಲಾನೂ ಕೇಳಿರಲಿಲ್ಲ."

ಭಾಭಿ ಚಹಾ ತಂದರು. ಬಸಿಯಲ್ಲಿ ಆರಿಸಿ ಅವನಿಗೆ ಕುಡಿಸಿದೆ. ಆ ವಾರ ಮುಗಿಯುವ ಮೊದಲು ಅವನು ಹೋದ.

ಅವನು ಹೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಅದು ಬೇರೆ ಕಡೆಯಿಂದ ಸುಡುತ್ತದೆ. ನನ್ನ ಕೆಲಸವನ್ನು ಅವನು ಅಷ್ಟು ವರ್ಷ ಕೇಳಿದ, ನಾನು ಕೇಳಿದ್ದು ಒಂದೇ ಒಂದು ಸಲ.

ಮಣ್ಣು ಮಾಡಿದ ದಿನ ಸಂಜೆ ಜನ ಚದುರಿದರು. ಬೈಕಿನವರು ಬಂದ ಹಾಗೆಯೇ ಗಾಡಿ ತಳ್ಳಿಕೊಂಡು ಹೋಗಿ, ತಿರುವು ದಾಟಿದ ಮೇಲೆ ಒಬ್ಬೊಬ್ಬರಾಗಿ ಚಾಲೂ ಮಾಡಿದರು. ನಾನು ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೇಳಿದೆ. ಮೊದಲಿನದು ಸರಿಯಿತ್ತು. ಎರಡನೆಯದರ ಹೊಗೆಗೆ ಗಂಟಲು ಕಟ್ಟಿತ್ತು. "ಕಪ್ಪು ಬಿದ್ದೈತೆ ನೋಡು" ಎಂದೆ. ಪಕ್ಕಕ್ಕೆ ತಿರುಗಿದೆ. ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೆ.